ಪೆನ್ನು ನಿಂತ ಹಂತ: ಹತ್ತನೇ ತರಗತಿಯ ಗಣಿತದಲ್ಲಿ ನನ್ನ ಅನುಭವ

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ಅದೇ ಪರೀಕ್ಷೆಯಲ್ಲಿ ಜೇವರ್ಗಿ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯ 54 ಮಕ್ಕಳು ಗಣಿತ ಬರೆದರು, 43 ಮಂದಿ ಉತ್ತೀರ್ಣರಾದರು. ಹಿಂದಿನ ವರ್ಷ ಅರ್ಧದಷ್ಟು ಮಕ್ಕಳೂ ದಡ ಸೇರಿರಲಿಲ್ಲ. ಇದನ್ನು ಕೇಳಿ ಫೋನ್ ಮಾಡಿದ ಗಣಿತ ಶಿಕ್ಷಕರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳಬೇಕು. 2023-24ರಲ್ಲಿ ಶಾಲೆಯಲ್ಲೇ ನಡೆಸುವ ನಾಲ್ಕೂ ಕಿರು ಪರೀಕ್ಷೆ (ಎಫ್‌ಎ) ಮತ್ತು ಅರ್ಧವಾರ್ಷಿಕ ಪರೀಕ್ಷೆಯ (ಎಸ್‌ಎ-1) ಅಂಕಗಳನ್ನು ಎಕ್ಸೆಲ್‌ಗೆ ಹಾಕಿ, ಪ್ರತಿ ಮಗುವಿಗೂ ಒಂದು ಪ್ರಗತಿ ರೇಖೆ ಎಳೆದು, ಬಣ್ಣದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿದ್ದೆ. ಮುದ್ರಕಕ್ಕೆ ಕೈಯಿಂದ ಸುಮಾರು 14 ಸಾವಿರ ಹೋಯಿತು, ಆಮೇಲೆ ಅದರ ಇಂಕಿಗೆ ಸುರಿದದ್ದು ಬೇರೆ. ಆ ರೇಖೆಗಳೆಲ್ಲ ಮೇಲಕ್ಕೇ ಏರುತ್ತಿದ್ದವು, ಏಕೆಂದರೆ ಆಂತರಿಕ ಮೌಲ್ಯಮಾಪನದ 20 ಅಂಕಕ್ಕೆ 18 ಕೊಡುವ ಕೈ ನಮ್ಮದೇ ಆಗಿತ್ತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಕುಸಿಯಿತು. ನನ್ನ ಗೋಡೆಯ ಮೇಲೆ ಏರುರೇಖೆಯಲ್ಲಿದ್ದ ಮಕ್ಕಳು ಲಿಖಿತ 80ಕ್ಕೆ ಹತ್ತು, ಹನ್ನೊಂದು ತಂದರು. ಅದೇ ವರ್ಷ ಮಕ್ಕಳನ್ನು ಎ, ಬಿ, ಸಿ ಎಂದು ಗುಂಪು ಮಾಡಿದ್ದೂ ಕೆಟ್ಟಿತು. ಸಿ ಗುಂಪಿನವರು ಒಂದು ವಾರದೊಳಗೆ ಸಂಜೆಯ ವಿಶೇಷ ತರಗತಿಗೆ ಬರುವುದನ್ನೇ ಬಿಟ್ಟರು, ಮತ್ತು ಅವರನ್ನು ತಿರುಗಿ ಕರೆತರಲು ನನಗೆ ತಿಂಗಳುಗಟ್ಟಲೆ ಹಿಡಿಯಿತು.

ಮರುವರ್ಷ ಅಂಕ ಬರೆಯುವುದನ್ನೇ ನಿಲ್ಲಿಸಿದೆ. ಅಡತಿ ಅಂಗಡಿಯವರು ಬಳಸುವಂಥ ಉದ್ದನೆಯ ಖಾತೆ ಪುಸ್ತಕವೊಂದನ್ನು ತಂದು, ಒಂದು ಮಗುವಿಗೆ ಒಂದು ಪುಟದಂತೆ, ಯಾವ ಲೆಕ್ಕದಲ್ಲಿ ಎಷ್ಟನೇ ಹಂತಕ್ಕೆ ಪೆನ್ನು ನಿಂತಿತು ಎಂಬುದನ್ನು ಮಾತ್ರ ಬರೆದೆ. ಪ್ರಶ್ನೆಪತ್ರಿಕೆಯ 38 ಪ್ರಶ್ನೆಗಳ ನೀಲನಕ್ಷೆ (ಯಾವ ಪಾಠದಿಂದ ಎಷ್ಟು ಅಂಕದ ಪ್ರಶ್ನೆ ಎಂಬ ಪಟ್ಟಿ) ಗಣಿತ ಶಿಕ್ಷಕರಿಗೆ ಗೊತ್ತೇ ಇದೆ. ಅದರಿಂದ 12 ಮಾದರಿಗಳನ್ನು ಆರಿಸಿ, ದಿನಕ್ಕೊಂದನ್ನು ಕಪ್ಪುಹಲಗೆಯ ಮೇಲೆ ಬರೆದು, ಒಂದು ಬದಿ ಖಾಲಿಯಿದ್ದ ರದ್ದಿ ಹಾಳೆಯಲ್ಲಿ ಮಾಡಿಸುತ್ತಿದ್ದೆ. ಝೆರಾಕ್ಸ್ ಬಿಟ್ಟದ್ದರಿಂದ ಇಡೀ ವರ್ಷದ ಖರ್ಚು ಮೂರು ಸಾವಿರದ ಒಳಗೇ ಮುಗಿಯಿತು.

ಮೂರು ವಾರಗಳಲ್ಲಿ ಪುಸ್ತಕ ಮಾತಾಡತೊಡಗಿತು. ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗಿಯ ಪುಟವನ್ನೇ ಹೇಳುತ್ತೇನೆ. ಮಾಸಿಕ ವಿದ್ಯುತ್ ಬಳಕೆಯ ಸರಾಸರಿ ಕಂಡುಹಿಡಿಯುವ ಮೂರು ಅಂಕದ ಲೆಕ್ಕದಲ್ಲಿ ಅವಳು ಪ್ರತಿ ವರ್ಗಾಂತರದ, ಅಂದರೆ ಬಳಕೆಯ ಪ್ರತಿ ಗುಂಪಿನ, ಮಧ್ಯಬಿಂದು ಸರಿಯಾಗಿ ಬರೆದಿದ್ದಳು, ಗುಣಿಸಿದ್ದಳು, ಮೊತ್ತ 3120 ಎಂದು ತೆಗೆದಿದ್ದಳು, ಸೂತ್ರವನ್ನೂ ಬರೆದಿದ್ದಳು. ಆದರೆ 3120ನ್ನು 30ರಿಂದ ಭಾಗಿಸಿ 14 ಎಂದು ಬರೆದಿದ್ದಳು. 12ರಲ್ಲಿ 30 ಹೋಗದಿದ್ದಾಗ ಭಾಗಲಬ್ಧದಲ್ಲಿ ಸೊನ್ನೆ ಇಡಬೇಕೆಂದು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ. ಪುಟ ತಿರುವುತ್ತ ಹೋದಂತೆ ಮೂವತ್ತಕ್ಕೂ ಹೆಚ್ಚು ಮಕ್ಕಳ ಪೆನ್ನು ಅದೇ ಭಾಗಾಕಾರದಲ್ಲಿ ನಿಂತಿರುವುದು ಕಂಡಿತು. ಇಷ್ಟು ವರ್ಷ ನಾನು ಅದನ್ನು ‘ಸಂಖ್ಯಾಶಾಸ್ತ್ರ ಬರುವುದಿಲ್ಲ’ ಎಂದು ಬರೆದುಕೊಳ್ಳುತ್ತಿದ್ದೆನಲ್ಲ ಎಂದು ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಒಂಬತ್ತು ದಿನ ಪಾಠ ನಿಲ್ಲಿಸಿ ಬರೀ ಭಾಗಾಕಾರ ಮಾಡಿಸಿದೆ. ‘ಹತ್ತನೇತ್ತೆದವ್ರಿಗಿ ನಾಕನೇತ್ತೆ ಲೆಕ್ಕ ಹೇಳ್ಕೋತ ಕುಂತ್ರ ಸಿಲೆಬಸ್ ಯಾವಾಗ ಮುಗಸ್ತೀರಿ ಸರ?’ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಮೇಲಿನವರು ಭೇಟಿಗೆ ಬಂದಾಗಲೂ ಅದೇ ಆಕ್ಷೇಪಣೆ ಬಂತು. ಸಿಲೆಬಸ್ ಜನವರಿಯ ಎರಡನೇ ವಾರ ಮುಗಿಯಿತು, ಅಂದರೆ ಹಿಂದಿನ ವರ್ಷಕ್ಕಿಂತ ಕೆಲವೇ ದಿನ ತಡವಾಗಿ. ಭಾಗಾಕಾರದ ಜೊತೆಗೆ, ಸರಾಸರಿಯು ವರ್ಗಾಂತರಗಳ ವ್ಯಾಪ್ತಿಯೊಳಗೇ ಬೀಳಬೇಕು ಎಂಬ ಪರಿಶೀಲನೆಯನ್ನೂ ರೂಢಿ ಮಾಡಿಸಿದೆ. ವರ್ಗಾಂತರವೇ 65ರಿಂದ ಆರಂಭವಾಗುವಾಗ ಉತ್ತರ 14 ಹೇಗೆ ಬಂತು ಎಂದು ಆ ಹುಡುಗಿಯೇ ಪಕ್ಕದವಳನ್ನು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ನಕ್ಷೆಯ (ಗ್ರಾಫ್) ನಾಲ್ಕು ಅಂಕದ ಲೆಕ್ಕದಲ್ಲಿ ಪೆನ್ನು ನಿಲ್ಲುತ್ತಿದ್ದದ್ದು ಋಣಚಿಹ್ನೆಯಲ್ಲಿ; ಅದಕ್ಕೆ ನಾಲ್ಕು ದಿನ ಸಾಕಾಯಿತು. ತ್ರಿಭುಜದ ಬಗೆಗಿನ ಥೇಲ್ಸ್ ಪ್ರಮೇಯದಲ್ಲಿ ಮಾತ್ರ ನನ್ನ ಪುಸ್ತಕ ಹೆಚ್ಚು ಕೆಲಸ ಮಾಡಲಿಲ್ಲ. ಅಲ್ಲಿ ಪೆನ್ನು ಮೊದಲ ಸಾಲಿನಲ್ಲೇ ನಿಲ್ಲುತ್ತದೆ, ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೆಳಿಗ್ಗೆ ಐದಕ್ಕೆ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವ ಪದ್ಧತಿಯನ್ನು ಸುಮಾರು ನಲವತ್ತು ದಿನ ನಡೆಸಿ ಕೈಬಿಟ್ಟೆ. ಹಗಲೆಲ್ಲ ಹೊಲದಲ್ಲಿ ದುಡಿದ ತಂದೆ-ತಾಯಿಯ ನಿದ್ರೆ ಕೆಟ್ಟಿತೇ ಹೊರತು ಮಕ್ಕಳು ಏಳಲಿಲ್ಲ. ಫಲ ಕೊಟ್ಟದ್ದು ಗೈರುಹಾಜರಿಯ ಕಾರಣವನ್ನು ಅದೇ ಪುಟದಲ್ಲಿ ಒಂದಕ್ಷರದಲ್ಲಿ ಬರೆದದ್ದು: ಹತ್ತಿ ಬಿಡಿಸಲು ಹೋದರೆ ‘ಹ’, ತೊಗರಿ ರಾಶಿಗೆ ‘ತೊ’, ಪುಣೆಗೆ ದುಡಿಯಲು ಹೋದರೆ ‘ಪು’. ಹದಿನೈದು ದಿನ ಹತ್ತಿ ಬಿಡಿಸಿ ಬಂದ ಮಗು ಸಾಮಾನ್ಯವಾಗಿ ಒಂದು ಹಂತ ಮಾತ್ರ ಹಿಂದೆ ಸರಿದಿರುತ್ತದೆ, ಎಲ್ಲವನ್ನೂ ಮರೆತಿರುವುದಿಲ್ಲ. ಹಾಗಾಗಿ ಅಂಥವರನ್ನು ಮೊದಲಿನಿಂದ ಕೂರಿಸದೆ, ನಿಂತ ಹಂತದ ಹಿಂದಿನ ಹಂತದಿಂದ ಎತ್ತಿಕೊಂಡರೆ ಮೂರು ಸಂಜೆಗಳಲ್ಲಿ ತರಗತಿಯ ಜೊತೆ ಸೇರುತ್ತಾರೆ.

ಆ 12 ಮಾದರಿಗಳ ಪಟ್ಟಿಯನ್ನು ಹಲವರು ಕೇಳಿದ್ದಾರೆ. ಅದನ್ನು ಇಲ್ಲಿ ಕೊಡುವುದಿಲ್ಲ. ಅದು ನನ್ನ ಮಕ್ಕಳ ಪೆನ್ನು ನೋಡಿ ಆರಿಸಿದ್ದು, ಮತ್ತು ಯಾವುದರ ನಂತರ ಯಾವುದನ್ನು ಇಡಬೇಕೆಂಬುದನ್ನು ಪುಸ್ತಕ ಎದುರಿಗಿಟ್ಟುಕೊಂಡೇ ಹೇಳಬೇಕಾಗುತ್ತದೆ. ಶಾಲೆಗೆ ಬಂದವರಿಗೆ ತೋರಿಸುತ್ತೇನೆ. ಈ ಜೂನ್‌ನಿಂದ ಒಂಬತ್ತನೇ ತರಗತಿಗೂ ಒಂದು ಪುಸ್ತಕ ತೆರೆದಿದ್ದೇನೆ. ಅದರ ಮೊದಲ ಅಂಕಣ ಭಾಗಾಕಾರದ್ದು; ಸೊನ್ನೆ ಬಿಡುವವರು ಸದ್ಯಕ್ಕೆ ಇಪ್ಪತ್ತಾರು ಮಂದಿ ಇದ್ದಾರೆ.