ಭತ್ತ ಮಾರಿದ ಮೇಲೆ ಥಾಯ್ಲೆಂಡ್: ಯಾವ ತಿಂಗಳಿಗೆ ಯಾವ ದ್ವೀಪ

ನಮ್ಮ ಗಂಗಾವತಿ ಕಡೆ ರೈತರ ಮನೆಗಳಲ್ಲಿ ದುಡ್ಡು, ಬಿಡುವು ಎರಡೂ ಒಟ್ಟಿಗೆ ಸಿಗುವುದು ಭತ್ತ ಮಾರಿದ ಮೇಲೆ. ಮುಂಗಾರು ಬೆಳೆ ಮುಗಿದ ಡಿಸೆಂಬರ್ ಕೊನೆ, ಇಲ್ಲವೇ ಬೇಸಿಗೆ ಬೆಳೆ ಮುಗಿದ ಮೇ. ಥಾಯ್ಲೆಂಡ್‌ಗೆ ಹೊರಟರೆ ಟಿಕೆಟ್‌ಗೂ ಮೊದಲು ತಿಂಗಳು ನೋಡಿ, ಆಮೇಲೆ ದ್ವೀಪ ಆರಿಸಿ.

ಆ ದೇಶದ ದಕ್ಷಿಣ ಭಾಗಕ್ಕೆ ಎರಡು ಕಡೆ ಸಮುದ್ರ. ಪಶ್ಚಿಮಕ್ಕೆ ಫುಕೆಟ್, ಕ್ರಾಬಿ. ಪೂರ್ವಕ್ಕೆ ಕೊಹ್ ಸಮುಯಿ. ನಮಗೆ ಮಳೆ ತರುವ ನೈರುತ್ಯ ಮುಂಗಾರೇ ಮೇಯಿಂದ ಅಕ್ಟೋಬರ್‌ವರೆಗೆ ಫುಕೆಟ್ ಕಡೆ ಸುರಿಯುತ್ತದೆ. ಅಲೆ ಜೋರಿದ್ದಾಗ ದಡದಲ್ಲಿ ಕೆಂಪು ಬಾವುಟ ನೆಡುತ್ತಾರೆ. ಅದನ್ನು ಕಂಡರೆ ನೀರಿಗೆ ಇಳಿಯಲೇಬೇಡಿ. ಸಮುಯಿಗೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್, ಅದರಲ್ಲೂ ನವೆಂಬರ್. ಹಾಗಾಗಿ ಡಿಸೆಂಬರ್ ಕೊನೆಗೆ ಫುಕೆಟ್, ಮೇನಲ್ಲಿ ಸಮುಯಿ. ಎರಡನ್ನೂ ಒಂದೇ ವಾರದಲ್ಲಿ ತುರುಕಬೇಡಿ, ದಾರಿಯಲ್ಲೇ ದಿನ ಕಳೆದುಹೋಗುತ್ತದೆ.

ಫುಕೆಟ್ ಕಡೆಯ ಫಿ ಫಿ ದ್ವೀಪಗಳ ಮಾಯಾ ಬೇ ಎಂಬ ಕಡಲತೀರ ನೋಡುವ ಆಸೆ ಇದ್ದರೆ ಆಗಸ್ಟ್, ಸೆಪ್ಟೆಂಬರ್ ಬಿಡಿ. ದೋಣಿ, ಜನ ಜಾಸ್ತಿಯಾಗಿ ಹವಳ ಹಾಳಾಯಿತೆಂದು 2018ರಲ್ಲಿ ಮುಚ್ಚಿ 2022ರಲ್ಲಿ ತೆರೆದರು. ಈಗಲೂ ಆ ಎರಡು ತಿಂಗಳು ಮುಚ್ಚುತ್ತಾರೆ. ಒಳ್ಳೆಯ ಕೆಲಸ ಅಲ್ವಾ?

ಬೆಂಗಳೂರು, ಹೈದರಾಬಾದ್ ಎರಡರಿಂದಲೂ ಬ್ಯಾಂಕಾಕ್‌ಗೆ ನೇರ ವಿಮಾನ ಇದೆ. ಅಲ್ಲಿ ಎರಡು ದಿನ ಇರಿ. ವಾಟ್ ಫೋ ದೇವಾಲಯದಲ್ಲಿ ಮಲಗಿದ ಬುದ್ಧನ ಮೂರ್ತಿ 46 ಮೀಟರ್ ಉದ್ದ. ಪಕ್ಕದಲ್ಲೇ ಅರಮನೆ, ಹೊಳೆ ದಾಟಿದರೆ ವಾಟ್ ಅರುಣ್. ಅರಮನೆಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ದಾರಿಯಲ್ಲಿ ಯಾರಾದರೂ 'ಇವತ್ತು ರಜೆ, ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ' ಎಂದರೆ ನಂಬಬೇಡಿ, ಸೀದಾ ಗೇಟಿಗೇ ಹೋಗಿ ಕೇಳಿ.

ನಮ್ಮ ಅತ್ತೆಯವರಂಥ ಶುದ್ಧ ಸಸ್ಯಾಹಾರಿಗಳು ಜೊತೆಗಿದ್ದರೆ ಊಟದ ಬಗ್ಗೆ ಜಾಸ್ತಿ ಎಚ್ಚರ ಬೇಕು. ಬರೀ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. 'ಜೇ' ಎಂದು ಕೇಳಿ, ಅಂದರೆ ಅಲ್ಲಿನ ಶುದ್ಧ ಸಸ್ಯಾಹಾರ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕೆ ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಆದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ರಾತ್ರಿ ರೈಲಿನಲ್ಲಿ ಬಹಳ ಅನುಕೂಲ.

ಹೌದು, ಸಮುಯಿಗೆ ರೈಲಿನಲ್ಲೂ ಹೋಗಬಹುದು. ಬ್ಯಾಂಕಾಕ್‌ನಿಂದ ರಾತ್ರಿ ರೈಲಿಗೆ ಸೂರತ್ ಥಾನಿ, ಅಲ್ಲಿಂದ ಬಸ್ಸು, ಫೆರ್ರಿ. ವಯಸ್ಸಾದವರಿದ್ದರೆ ವಿಮಾನವೇ ಸರಿ.

2025ರ ಮೇಯಿಂದ ಆಗಮನದ ಅರ್ಜಿಯನ್ನು ಆನ್‌ಲೈನ್‌ನಲ್ಲೇ ತುಂಬಬೇಕು. ಇಳಿಯುವ ಮೊದಲಿನ 3 ದಿನದೊಳಗೆ, ಸರ್ಕಾರಿ ವೆಬ್‌ಸೈಟಿನಲ್ಲಿ. ಅದಕ್ಕೆ ಶುಲ್ಕವಿಲ್ಲ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಸುವ ದಿನವೇ ನೋಡಿಕೊಳ್ಳಿ.