ಬ್ರ್ಯಾಂಚ್‌ಗಳ ಗೋಜಲು: ಗಿಟ್ ಇತಿಹಾಸವನ್ನು ಬಿಡಿಸಿ ನೋಡುವುದು ಹೇಗೆ?

ಗಿಟ್ ಎಂದರೆ ಕಡತಗಳ ಬದಲಾವಣೆಗಳ ಇತಿಹಾಸ ಕಾಪಿಡುವ ತಂತ್ರಾಂಶ; ಅದರಲ್ಲಿ ದಾಖಲಾದ ಒಂದೊಂದು ಹಂತವೂ ಒಂದು ಕಮಿಟ್. ಬ್ರ್ಯಾಂಚ್ (ಕವಲು) ಅಂದರೆ ಒಂದು ಕಮಿಟ್‌ನ ಮೇಲೆ ಅಂಟಿಸಿದ ಚೀಟಿ, ಅಷ್ಟೇ. ಹೊಸ ಕಮಿಟ್ ಮಾಡಿದಂತೆಲ್ಲ ಚೀಟಿ ಮುಂದಕ್ಕೆ ಸರಿಯುತ್ತದೆ. ಯಾವ ಕಮಿಟ್ ಯಾವ ಬ್ರ್ಯಾಂಚಿನಲ್ಲಿ ಹುಟ್ಟಿತು ಎಂಬುದನ್ನು ಕಮಿಟ್ ಬರೆದಿಟ್ಟುಕೊಳ್ಳುವುದಿಲ್ಲ. ತನ್ನ ಹಿಂದಿನ ಕಮಿಟ್ ಯಾವುದೆಂದು ಮಾತ್ರ ಅದಕ್ಕೆ ಗೊತ್ತು. ಹಾಗಾಗಿ ಪರದೆಯ ಮೇಲೆ ಕಾಣುವ ಚಿತ್ರ ಸ್ಪಷ್ಟವಾಗಿರುವುದು, ಗೋಜಲಾಗಿರುವುದು ನಾವು ಏನು ಕೇಳುತ್ತೇವೆ ಎನ್ನುವುದರ ಮೇಲೆ ನಿಂತಿದೆ. (ಆದೇಶಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ; ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.)

ಮೊದಲು ಕಸ ಗುಡಿಸಿ: ಗಿಟ್ ಫೆಚ್ --ಪ್ರೂನ್. ಸರ್ವರ್‌ನಲ್ಲಿ ಎಂದೋ ಅಳಿಸಿಹೋದ ಬ್ರ್ಯಾಂಚ್‌ಗಳ ಹೆಸರು ನಿಮ್ಮ ಕಂಪ್ಯೂಟರಿನಲ್ಲಿ ಹಾಗೇ ಉಳಿದಿರುತ್ತವೆ, ಇದರಿಂದ ಹೋಗುತ್ತವೆ. ಆಮೇಲೆ ಚಿತ್ರ ತೆಗೆಸಿ:

ಗಿಟ್ ಲಾಗ್ --ಗ್ರಾಫ್ --ಒನ್‌ಲೈನ್ --ಆಲ್

*   ಲಾಗಿನ್ ಮರ್ಜ್
|\
| * ಪಾಸ್‌ವರ್ಡ್ ಪರೀಕ್ಷೆ
| * ಲಾಗಿನ್ ಪುಟ
* | ಮುಖಪುಟದ ಬಣ್ಣ
|/
* ಮೊದಲ ಕಮಿಟ್

ಕೆಳಗಿನಿಂದ ಮೇಲಕ್ಕೆ ಓದಿ. ನಕ್ಷತ್ರ ಇದ್ದಲ್ಲಿ ಕಮಿಟ್. ಮರ್ಜ್ ಅಂದರೆ ಎರಡು ಕವಲುಗಳನ್ನು ಕೂಡಿಸುವುದು. ಬರೀ ಗೆರೆ ಇದ್ದರೆ ಆ ಕವಲು ಪಕ್ಕದಲ್ಲಿ ಸುಮ್ಮನೆ ಹಾದುಹೋಗುತ್ತಿದೆ ಎಂದರ್ಥ. ‘ಮುಖಪುಟದ ಬಣ್ಣ’ ಎಡಗಡೆಯ ಕವಲಿನದು, ಲಾಗಿನ್‌ಗೂ ಅದಕ್ಕೂ ಸಂಬಂಧವಿಲ್ಲ. ಮೇಲೆ ಕೆಳಗೆ ಇದ್ದ ಮಾತ್ರಕ್ಕೆ ಒಂದರ ನಂತರ ಇನ್ನೊಂದು ಬಂತೆಂದು ತಿಳಿಯುವುದೇ ಸಾಮಾನ್ಯವಾಗಿ ಆಗುವ ತಪ್ಪು.

--ಆಲ್ ಹಾಕಿದರೆ ಸ್ಟ್ಯಾಶ್‌ನಲ್ಲಿ (ಆಮೇಲೆ ನೋಡೋಣವೆಂದು ತಾತ್ಕಾಲಿಕವಾಗಿ ಎತ್ತಿಡುವ ಜಾಗ) ಇಟ್ಟ ಅರೆಬರೆ ಕೆಲಸವೂ ವಿಚಿತ್ರ ಕವಲಾಗಿ ಕಾಣಿಸಿಕೊಳ್ಳುತ್ತದೆ. ಅದರ ಬದಲು --ಬ್ರ್ಯಾಂಚಸ್ --ರಿಮೋಟ್ಸ್ --ಟ್ಯಾಗ್ಸ್ ಬಳಸಿ. ಅದಕ್ಕಿಂತಲೂ ಒಳ್ಳೆಯದು, ನಿಮಗೆ ಬೇಕಾದ ಎರಡೇ ಬ್ರ್ಯಾಂಚ್‌ಗಳ ಹೆಸರು ಕೊಡುವುದು. ಮುಖ್ಯ ಬ್ರ್ಯಾಂಚ್ ಮೇನ್, ಇನ್ನೊಂದು ಲಾಗಿನ್ ಎಂದಿಟ್ಟುಕೊಳ್ಳಿ. ಮೇನ್..ಲಾಗಿನ್ ಎಂದು ನಡುವೆ ಎರಡು ಚುಕ್ಕೆ ಇಟ್ಟರೆ, ಲಾಗಿನ್‌ನಲ್ಲಿದ್ದು ಮೇನ್‌ಗೆ ಇನ್ನೂ ಸೇರದ ಕಮಿಟ್‌ಗಳು ಮಾತ್ರ ಬರುತ್ತವೆ. ಮೂರು ಚುಕ್ಕೆ ಇಟ್ಟು --ಲೆಫ್ಟ್-ರೈಟ್ ಸೇರಿಸಿದರೆ ಎರಡೂ ಕಡೆಯ ವ್ಯತ್ಯಾಸ ಬಾಣದ ಗುರುತಿನೊಡನೆ ಸಿಗುತ್ತದೆ.

ದೊಡ್ಡ ಯೋಜನೆಯಲ್ಲಿ ಹೆಚ್ಚು ಕೈಹಿಡಿಯುವುದು --ಫಸ್ಟ್-ಪೇರೆಂಟ್. ಮರ್ಜ್ ಕಮಿಟ್‌ಗೆ ಹಿಂದಿನವು ಸಾಮಾನ್ಯವಾಗಿ ಎರಡು. ಮರ್ಜ್ ಮಾಡುವಾಗ ನೀವು ಯಾವ ಬ್ರ್ಯಾಂಚಿನ ಮೇಲೆ ನಿಂತಿದ್ದಿರೋ ಅದರ ತುದಿಯೇ ಮೊದಲನೆಯದು. ಈ ಆಯ್ಕೆ ಅದೊಂದನ್ನೇ ಹಿಡಿದು ಹಿಂದಕ್ಕೆ ಹೋಗುವುದರಿಂದ ಮೇನ್‌ಗೆ ಏನೇನು ಯಾವಾಗ ಸೇರಿತು ಎಂಬ ಪಟ್ಟಿ ಸಿಗುತ್ತದೆ. ಒಂದು ಮರ್ಜ್‌ನೊಳಗೆ ಏನಿತ್ತು ನೋಡಬೇಕೆ? ಆ ಕಮಿಟ್‌ನ ಗುರುತಿನ ಸಂಖ್ಯೆಯ ಕೊನೆಗೆ ^1 ಅಂಟಿಸಿ, ಎರಡು ಚುಕ್ಕೆ, ಮತ್ತೆ ಅದೇ ಸಂಖ್ಯೆ, ಅದರ ಕೊನೆಗೆ ^2 ಎಂದು ಲಾಗ್‌ಗೆ ಕೊಡಿ. ಬ್ರ್ಯಾಂಚ್ ಅಳಿಸಿಹೋಗಿದ್ದರೂ ಅದರ ಕಮಿಟ್‌ಗಳು ಬರುತ್ತವೆ.

--ಫಸ್ಟ್-ಪೇರೆಂಟ್ ಕೊಡುವ ಈ ಪಟ್ಟಿ ಕೆಡುವುದು ಎರಡು ಕಡೆ. ಮೇನ್ ಅಷ್ಟರಲ್ಲಿ ಮುಂದೆ ಹೋಗಿರದಿದ್ದರೆ ಗಿಟ್ ಮರ್ಜ್ ಕಮಿಟ್ ಮಾಡದೆ ಚೀಟಿಯನ್ನಷ್ಟೇ ಸರಿಸುತ್ತದೆ. ಕವಲಿನ ಗುರುತೇ ಉಳಿಯುವುದಿಲ್ಲ. ಕವಲು ಕಾಣಲೇಬೇಕೆಂದರೆ ಮರ್ಜ್ ಮಾಡುವಾಗ --ನೋ-ಎಫ್‌ಎಫ್ ಹಾಕಿ. ಎರಡನೆಯದು ಮರ್ಜ್ ಆಗುವಂತೆ ಪುಲ್ ಮಾಡುವುದು, ಅಂದರೆ ಸರ್ವರ್‌ನ ಹೊಸ ಕಮಿಟ್‌ಗಳನ್ನು ತಂದು ನಿಮ್ಮದಕ್ಕೆ ಕೂಡಿಸಿಕೊಳ್ಳುವುದು. ನಿಮ್ಮ ಮೇನ್‌ನಲ್ಲಿ ಒಂದೆರಡು ಹೊಸ ಕಮಿಟ್ ಇದ್ದು, ಸರ್ವರ್‌ನದನ್ನು ಮರ್ಜ್ ಮಾಡಿಕೊಂಡು ಪುಶ್ ಮಾಡಿದರೆ (ಸರ್ವರ್‌ಗೆ ಕಳಿಸಿದರೆ) ನಿಮ್ಮ ಕವಲೇ ‘ಮೊದಲನೆಯದು’ ಆಗಿ, ಎಲ್ಲರ ಮುಖ್ಯದಾರಿ ಪಕ್ಕಕ್ಕೆ ಹೋಗುತ್ತದೆ. ನಿಮ್ಮ ಕಮಿಟ್‌ಗಳನ್ನು ಸರ್ವರ್‌ನವುಗಳ ಮೇಲೆ ಹೊಸದಾಗಿ ಜೋಡಿಸುವ ಪುಲ್ --ರೀಬೇಸ್ ಅಭ್ಯಾಸ ಮಾಡಿಕೊಂಡರೆ ಈ ತಾಪತ್ರಯವಿಲ್ಲ.

ದಿನಾಂಕಗಳು ಹಿಂದುಮುಂದಾಗಿ ಕಂಡರೆ ಗಾಬರಿ ಬೇಡ. ಲಾಗ್ ಮಾಮೂಲಾಗಿ ತೋರಿಸುವುದು ಬರೆದ ದಿನಾಂಕ. ರೀಬೇಸ್ ಬದಲಿಸುವುದು ಕಮಿಟ್ ಆದ ದಿನಾಂಕ. --ಫಾರ್ಮ್ಯಾಟ್‌ನಲ್ಲಿ ಎರಡನ್ನೂ ಕೇಳಬಹುದು. ಗ್ರಾಫನ್ನು --ರಿವರ್ಸ್ ಜೊತೆ ಮಾತ್ರ ಕೇಳಬೇಡಿ, ಗಿಟ್ ಒಪ್ಪುವುದಿಲ್ಲ.

ಉದ್ದದ ಸಾಲುಗಳು ಮಡಚಿಕೊಂಡು ಗೆರೆಗಳು ಚೆಲ್ಲಾಪಿಲ್ಲಿಯಾದರೆ, ಲಾಗ್ ತೆರೆದಿರುವಾಗಲೇ ಅಡ್ಡಗೆರೆ (-) ಮತ್ತು ದೊಡ್ಡಕ್ಷರದ ಎಸ್ (S) ಒತ್ತಿ ಎಂಟರ್ ಕೊಡಿ. ಸಾಲು ಪರದೆಯ ಅಂಚಿಗೆ ಕತ್ತರಿಸುತ್ತದೆ, ಉಳಿದದ್ದನ್ನು ಬಲಬಾಣದ ಕೀಲಿಯಿಂದ ಸರಿಸಿ ನೋಡಬಹುದು.