ಖರ್ಚಿನ ಡಬ್ಬಿ ಮಗನ ಕೈಯಲ್ಲಿದ್ದ ಎರಡು ತಿಂಗಳು

ಸಿಂಧನೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಸ್ವಂತ ಮಗಳಿಗೆ ಹಣದ ವ್ಯವಹಾರ ಕಲಿಸಿರಲಿಲ್ಲ ಎಂಬುದು ಅರಿವಾದದ್ದು, ಅವಳು ಧಾರವಾಡದ ಹಾಸ್ಟೆಲ್ ಸೇರಿದ ಎರಡನೆಯ ತಿಂಗಳಿನಲ್ಲಿ. ವಿದ್ಯಾರ್ಥಿವೇತನ ಮಂಜೂರಾಗಿದೆ, ಹಣ ಜಮಾ ಆಗಲು ಯುಪಿಐ ಪಿನ್ ಒತ್ತಬೇಕು ಎಂದು ಯಾರೋ ಫೋನಿನಲ್ಲಿ ಹೇಳಿದ್ದರು. ಅವಳು ಒತ್ತಿದಳು, ಖಾತೆಯಲ್ಲಿದ್ದ ನಾಲ್ಕು ಸಾವಿರ ರೂಪಾಯಿ ಹೋಯಿತು. ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ ಎಂದು ಮೊದಲೇ ಹೇಳಿದ್ದರೆ ಸಾಕಿತ್ತು. ಆದರೆ ನನ್ನನ್ನು ಹೆಚ್ಚು ಚುಚ್ಚಿದ್ದು, ಬೈಗುಳಕ್ಕೆ ಹೆದರಿ ಅವಳು ಮೂರು ದಿನ ಬಾಯಿ ಬಿಡದೆ ಕುಳಿತದ್ದು. ಇಂಥ ವಂಚನೆಯನ್ನು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ತಿಳಿಸಿದರೆ ಹಣ ಕೈ ದಾಟುವ ಮುನ್ನ ತಡೆಹಿಡಿಯುವ ಅವಕಾಶವಾದರೂ ಇರುತ್ತದೆ. ಮೂರು ದಿನದಲ್ಲಿ ಅದೂ ಉಳಿಯಲಿಲ್ಲ. ಪರೀಕ್ಷೆಯಲ್ಲಿ ಒಂದು ಅಂಕ ಕಡಿಮೆಯಾದರೂ ಕಾರಣ ಕೇಳುತ್ತಿದ್ದ ತಾಯಿಯ ಮುಂದೆ ತಪ್ಪೊಪ್ಪಿಕೊಳ್ಳುವುದು ಅವಳಿಗೆ ರೂಢಿಯೇ ಇರಲಿಲ್ಲ.

ಆದ್ದರಿಂದ ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಾಗ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಪದೇಶವನ್ನು ಬದಿಗಿಟ್ಟು ಮನೆಯ ಕೆಲಸಗಳನ್ನೇ ಅವನಿಗೆ ಒಪ್ಪಿಸಿದೆ. ತಪ್ಪಿದರೆ ಬೈಯುವುದಿಲ್ಲ, ಹಾಗೆಂದು ತುಂಬಿ ಕೊಡುವುದೂ ಇಲ್ಲ, ಅವನು ಮಾತ್ರ ಅದೇ ದಿನ ನನಗೆ ಹೇಳಬೇಕು ಎಂಬುದು ನಮ್ಮ ಕರಾರು.

ಮೊದಲು ಕೊಟ್ಟದ್ದು ಖರ್ಚಿನ ಡಬ್ಬಿ. ಜೋಳ, ಅಕ್ಕಿ ಹೊಲದಿಂದಲೇ ಬರುವುದರಿಂದ, ಉಳಿದ ಕಿರಾಣಿ, ಕಾಯಿಪಲ್ಯ ಮತ್ತು ಹಾಲಿಗೆಂದು ನಾಲ್ಕು ಜನರ ಮನೆಗೆ ಏಳು ಸಾವಿರ ರೂಪಾಯಿ ಇಟ್ಟಿದ್ದೆ. ಹತ್ತೊಂಬತ್ತನೆಯ ದಿನ ಡಬ್ಬಿ ಬರಿದಾಯಿತು. ಲೆಕ್ಕದ ಪುಸ್ತಕದಲ್ಲಿ ಮಾವಿನಹಣ್ಣು ಮೂರು ಸಲ ಬಂದಿತ್ತು, 'ಇತರೆ' ಎಂಬ ಹೆಸರಿನಲ್ಲಿ 1,150 ರೂಪಾಯಿ ಇತ್ತು, ತಿಂಗಳ ಕೊನೆಗೆ ಕೊಡಬೇಕಾದ ಹಾಲಿನ ಬಾಕಿಯನ್ನಂತೂ ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮುಂದಿನ ಹನ್ನೊಂದು ದಿನ ನಾವೆಲ್ಲರೂ ಪುಂಡಿಪಲ್ಯ, ಶೇಂಗಾ ಚಟ್ನಿಯಲ್ಲಿ ರೊಟ್ಟಿ ಉಂಡೆವು. ಹಾಲಿನವರ ಮನೆಗೆ ತಾನೇ ಹೋಗಿ ಐದನೆಯ ತಾರೀಖಿನವರೆಗೆ ಸಮಯ ಕೇಳಿಕೊಂಡು ಬಂದ. ಆ ಐದು ನಿಮಿಷದ ಮಾತುಕತೆಗೆ ಧೈರ್ಯ ಕೂಡಿಸಿಕೊಳ್ಳಲು ಅವನಿಗೆ ಎರಡು ದಿನ ಹಿಡಿದಿತ್ತು. ನಮ್ಮ ಅತ್ತೆಯವರು ಗುಟ್ಟಾಗಿ ಇನ್ನೂರು ರೂಪಾಯಿ ಕೊಟ್ಟದ್ದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಮೇ ತಿಂಗಳಿನಲ್ಲಿ ಹಾಲಿನ ಹಣವನ್ನು ಮೊದಲ ದಿನವೇ ಬೇರೆ ತೆಗೆದಿಟ್ಟ, 'ಇತರೆ' ಎಂಬ ಸಾಲು ಪುಸ್ತಕದಿಂದ ಮಾಯವಾಯಿತು.

ಅಡುಗೆಯಲ್ಲಿ ನಾನು ರೊಟ್ಟಿಯಿಂದಲೇ ಆರಂಭಿಸಿದ್ದು ತಪ್ಪೆಂದು ಈಗ ಅನ್ನಿಸುತ್ತದೆ, ಅನ್ನ ಸಾರಿನಿಂದ ಆರಂಭಿಸಬೇಕಿತ್ತು. ಗೋಧಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಬಿಸಿ ಇರುವಾಗಲೇ ಚೆನ್ನಾಗಿ ನಾದದಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. "ಅವ್ವಾ, ಎಸರು ಕುದ್ಯಾಕತ್ಯಾದ, ಇನ್ನೇನು ಮಾಡ್ಲಿ?" ಎಂದು ಅವನು ಕೂಗಿದಾಗಲೆಲ್ಲ ಎದ್ದು ಹೋಗಿ ನಾನೇ ಮಾಡಿಬಿಡುತ್ತಿದ್ದೆ, ಹಾಗಾಗಿ ಮೊದಲ ವಾರ ಅವನು ಕಲಿತದ್ದು ಏನೂ ಇಲ್ಲ. ಆಮೇಲೆ ಅಡುಗೆಮನೆಯ ಬಾಗಿಲು ದಾಟದೆ ಪಡಸಾಲೆಯಲ್ಲೇ ಕುಳಿತೆ. ಒಡೆದ ರೊಟ್ಟಿಗಳಿಗೆ ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿ ಅತ್ತೆಯವರು ಮುಟಗಿ ಮಾಡಿಕೊಟ್ಟರು. ಮೂರನೆಯ ವಾರ ಹಂಚಿನ ಮೇಲೆ ನೀರು ಸವರಿ ತಿರುವಿದ ರೊಟ್ಟಿಯೊಂದು ಉಬ್ಬಿತು. ಗಂಡುಮಗ ಒಲೆಯ ಮುಂದೆ ನಿಲ್ಲುವುದೇನು ಎಂದು ಗೊಣಗುತ್ತಿದ್ದ ಅತ್ತೆಯವರೇ ಅದನ್ನು ಮೊದಲು ತಿಂದರು.

ಗುಂಡಿ ಹೊಲಿಯುವುದು, ಇಸ್ತ್ರಿ ಮಾಡುವುದು ಎರಡು ದಿನದ ಕೆಲಸ. ಹಣ ಕಟ್ಟುವ ಚಲನ್, ತೆಗೆಯುವ ಚೀಟಿ ಬೇರೆ ಬೇರೆ ಎಂಬುದನ್ನು ಬ್ಯಾಂಕಿಗೆ ಒಬ್ಬನನ್ನೇ ಕಳುಹಿಸಿ ಕಲಿಸಿದೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಿರ್ವಹಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಕಾಗದಪತ್ರಗಳ ಕೆಲಸ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಓದು, ನೌಕರಿಯಲ್ಲಿ ಸಿಗುವ ಮೀಸಲಾತಿಗೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಇದಕ್ಕಾಗಿ ಓಡಾಡುವುದು ಸಾಮಾನ್ಯವಾಗಿ ಅಪ್ಪಂದಿರು. ಮಕ್ಕಳಿಗೆ ತಮ್ಮ ಅರ್ಜಿಯಲ್ಲಿ ಏನಿದೆ ಎಂಬುದೇ ತಿಳಿದಿರುವುದಿಲ್ಲ. ನಾನು ಮಗನಿಗೇ ದಾಖಲೆಗಳನ್ನು ಜೋಡಿಸಲು ಹೇಳಿದೆ. ಶಾಲೆಯ ದಾಖಲೆಯಲ್ಲಿ ಹೆಸರಿನೊಂದಿಗೆ ಮನೆತನದ ಹೆಸರಿದೆ, ಆಧಾರ್‌ನಲ್ಲಿ ಅದಿಲ್ಲ ಎಂಬುದನ್ನು ಮೊದಲು ಕಂಡವನು ಅವನೇ. ಹತ್ತು ವರ್ಷದಿಂದ ಆ ಎರಡೂ ಕಾಗದಗಳು ನನ್ನ ಕಪಾಟಿನಲ್ಲಿದ್ದವು. ಆಧಾರ್ ತಿದ್ದಿಸಲು ನಾಲ್ಕು ಸಲ ಅಲೆದ. ಎರಡನೆಯ ಸಲ ಮೂಲ ದಾಖಲೆ ಮರೆತು ಹೋಗಿ ಬಿಸಿಲಿನಲ್ಲಿ ಬರಿಗೈಯಲ್ಲಿ ಮರಳಿದಾಗ, ಸ್ಕೂಟಿ ತೆಗೆದುಕೊಂಡು ನಾನೇ ಹೋಗಿಬರಬೇಕೆಂಬ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಂಡೆ. ಸಂಜೆ ಅವನು ಬೇಕಾದ ದಾಖಲೆಗಳ ಪಟ್ಟಿಯನ್ನು ಬರೆದು ಬಾಗಿಲ ಹಿಂದೆ ಅಂಟಿಸಿದ.

ದಸರೆಯ ರಜೆಗೆ ಬಂದ ಮಗಳು ಆ ಪಟ್ಟಿಯನ್ನೂ ಲೆಕ್ಕದ ಪುಸ್ತಕವನ್ನೂ ಓದಿ, "ತಮ್ಮಗ ಕೊಟ್ಟ ಡಬ್ಬಿ ನನಗ್ಯಾಕ ಕೊಡಲಿಲ್ಲವ್ವಾ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಹಬ್ಬದ ಖರ್ಚನ್ನು ಹಾಕಿ ಡಬ್ಬಿಯನ್ನು ಅವಳ ಮುಂದಿಟ್ಟೆ.